ಡ್ರೈವ್ ಶಾಫ್ಟ್ ಕೂರುತ್ತಿಲ್ಲವೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮುಂದಿನ ಚಕ್ರಗಳಿಂದ ಓಡುವ ಚಿಕ್ಕ ಕಾರಿಗೆ ಎಡಗಡೆಯ ಡ್ರೈವ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ತಿರುಗುಬಲ ಒಯ್ಯುವ ಸರಳು) ಹೊಸದು ಹಾಕುತ್ತಿದ್ದೇನೆ. ಗೇರ್‌ಬಾಕ್ಸ್ ಒಳಗೆ ಸಲೀಸಾಗಿ ಹೋಗುತ್ತದೆ, ಆದರೆ ಕೊನೆಯ ಒಂದು ಸೆಂಟಿಮೀಟರಿನಷ್ಟು ಹೊರಗೇ ನಿಲ್ಲುತ್ತದೆ. ಹೊರತುದಿಗೆ ಸುತ್ತಿಗೆಯಿಂದ ಹೊಡೆದರೂ ಕದಲುತ್ತಿಲ್ಲ. ಅಂಗಡಿಯವರು ತಪ್ಪು ಶಾಫ್ಟ್ ಕೊಟ್ಟಿರಬಹುದೇ?

ಉತ್ತರ: ಮೊದಲು ಸುತ್ತಿಗೆ ಕೆಳಗಿಡಿ. ಹೊರತುದಿಗೆ ಕೊಟ್ಟ ಏಟು ನೀವಂದುಕೊಂಡ ಜಾಗಕ್ಕೆ ತಲುಪುವುದೇ ಇಲ್ಲ. ಗೇರ್‌ಬಾಕ್ಸ್ ಕಡೆಯ ಒಳ ಜಾಯಿಂಟ್, ಅಂದರೆ ಬಾಗುವ ಕೀಲು, ಹಿಂದೆ ಮುಂದೆ ಜಾರುವಂತೆ ಮಾಡಿದ್ದು. ಏಟಿನ ಬಲವನ್ನು ಆ ಜಾರುವಿಕೆಯೇ ನುಂಗಿಬಿಡುತ್ತದೆ, ಉಳಿದದ್ದು ಹೊರತುದಿಯ ಮರೆಯನ್ನು (ನಟ್ ಹತ್ತುವ ತಿರುಪಿನ ಗೆರೆಗಳನ್ನು) ಹಾಳುಮಾಡುತ್ತದೆ. ಆಮೇಲೆ ಶಾಫ್ಟನ್ನು ಹಬ್ಬಿಗೆ (ಚಕ್ರ ಕೂರುವ ನಡುಭಾಗಕ್ಕೆ) ಬಿಗಿಯುವ ಹಬ್ ನಟ್ಟೂ ಹತ್ತುವುದಿಲ್ಲ.

ಶಾಫ್ಟ್ ಸರಿಯಾದದ್ದೋ ಅಲ್ಲವೋ ನೋಡಲು ಹಳೆಯದನ್ನೂ ಹೊಸದನ್ನೂ ನೆಲದ ಮೇಲೆ ಅಕ್ಕಪಕ್ಕ ಮಲಗಿಸಿ, ಎರಡರ ಒಳ ಜಾಯಿಂಟನ್ನೂ ಪೂರ್ತಿ ಒತ್ತಿ ಉದ್ದ ಹೋಲಿಸಿ. ಎರಡೂ ತುದಿಯ ಸ್ಪ್ಲೈನ್ (ಶಾಫ್ಟಿನ ಉದ್ದಕ್ಕೆ ಕೊರೆದ) ಹಲ್ಲುಗಳನ್ನು ಎಣಿಸಿ. ಸೀಲ್ (ಆಯಿಲ್ ಸೋರದಂತೆ ತಡೆಯುವ ಬಳೆ) ಕೂರುವ ನುಣುಪಾದ ಭಾಗದ ದಪ್ಪ, ಕ್ಲಿಪ್ ಕೂರುವ ತೋಡಿನ ಜಾಗ, ಎಬಿಎಸ್ ಇರುವ ಕಾರಾದರೆ ಹೊರ ಜಾಯಿಂಟಿನ ಹಲ್ಲುಬಳೆ, ಇವೂ ಒಂದೇ ಇರಬೇಕು. ಒಂದೇ ಮಾದರಿಯ ಕಾರಿನಲ್ಲೂ ಎಡ ಬಲ ಶಾಫ್ಟ್‌ಗಳ ಉದ್ದ ಸಾಮಾನ್ಯವಾಗಿ ಬೇರೆ. ಮ್ಯಾನುಯಲ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳಿಗೂ ಬೇರೆಯಾಗಿರಬಹುದು.

ಎಲ್ಲ ಹೊಂದಿದರೆ ಒಂದು ಸುಲಭ ಪರೀಕ್ಷೆ ಮಾಡಿ. ಒಳತುದಿಯ ಸರ್ಕ್ಲಿಪ್ (ಶಾಫ್ಟನ್ನು ಹಿಡಿದಿಡುವ ತಂತಿಬಳೆ) ತೆಗೆದು ಶಾಫ್ಟನ್ನು ಕೈಯಿಂದ ತೂರಿಸಿ. ಪೂರ್ತಿ ಒಳಹೋದರೆ ಅಡ್ಡಿ ಕ್ಲಿಪ್ಪಿನದು. ಆಗಲೂ ಅಲ್ಲೇ ನಿಂತರೆ ಸ್ಪ್ಲೈನ್ ಮೇಲೆ ಗೀರೋ ಮೊನೆಯೋ ಎದ್ದಿದೆ, ಇಲ್ಲವೇ ಶಾಫ್ಟೇ ಬೇರೆ. ಪರೀಕ್ಷೆ ಮುಗಿದ ಮೇಲೆ ಕ್ಲಿಪ್ ಮತ್ತೆ ಹಾಕಲು ಮರೆಯಬೇಡಿ. ಅದಿಲ್ಲದ ಶಾಫ್ಟ್ ಓಡುವಾಗ ಹೊರಗೆ ಜಾರುತ್ತದೆ.

ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಕ್ಲಿಪ್ಪಿನದೇ. ಈ ತಂತಿಬಳೆ ಸ್ಪ್ಲೈನಿಗಿಂತ ತುಸು ಅಗಲ. ಡಿಫರೆನ್ಷಿಯಲ್ಲಿನ (ಎರಡೂ ಚಕ್ರಗಳಿಗೆ ಬಲ ಹಂಚುವ ಭಾಗದ) ಸೈಡ್ ಗೇರ್, ಅಂದರೆ ಶಾಫ್ಟ್ ಕೂಡುವ ಗೇರ್, ದಾಟುವಾಗ ಅದು ಕುಗ್ಗಬೇಕು, ದಾಟಿದ ಮೇಲೆ ಹಿಗ್ಗಿ ಹಿಡಿದುಕೊಳ್ಳಬೇಕು. ಶಾಫ್ಟ್ ಅಡ್ಡ ಹಿಡಿದಾಗ ಬಳೆ ತನ್ನ ತೂಕಕ್ಕೇ ಕೆಳಗೆ ಜೋತು, ಒಂದು ಕಡೆ ಹೊರಗೆ ಚಾಚಿಕೊಳ್ಳುತ್ತದೆ. ಆ ಚಾಚಿದ ಅಂಚು ಗೇರಿನ ಬಾಯಿಗೆ ಬಡಿದು ನಿಲ್ಲುತ್ತದೆ. ನಿಮ್ಮಲ್ಲಿ ಉಳಿದಿರುವ ಒಂದು ಸೆಂಟಿಮೀಟರ್ ಅದೇ ಇರಬೇಕು. ಹೊಸ ಕ್ಲಿಪ್ ಹಾಕಿ, ತೋಡಿಗೆ ದಪ್ಪ ಗ್ರೀಸ್ ತುಂಬಿ, ಬಳೆ ನಟ್ಟನಡುವೆ ನಿಲ್ಲುವಂತೆ ಮಾಡಿ. ಬಳೆಯ ತೆರೆದ ಬಾಯಿ ಕೆಳಮುಖವಾಗಿರಲಿ ಎಂದು ಸರ್ವಿಸ್ ಪುಸ್ತಕಗಳು ಹೇಳುವುದುಂಟು. ಬಾಯಿಗಿಂತಲೂ ನಡುವೆ ನಿಲ್ಲುವುದೇ ಮುಖ್ಯ ಎಂಬುದು ನಮ್ಮ ಅಭಿಪ್ರಾಯ.

ಕೂರಿಸುವಾಗ ಒಳ ಜಾಯಿಂಟಿನ ಕಬ್ಬಿಣದ ಬಟ್ಟಲನ್ನೇ ಎರಡೂ ಕೈಯಲ್ಲಿ ಹಿಡಿಯಿರಿ. ಗೇರ್‌ಬಾಕ್ಸ್ ತೂತಿಗೆ ನೇರವಾಗಿ ಹಿಡಿದು, ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹಲ್ಲು ಕೂಡಿಸಿ, ಆಮೇಲೆ ಒಂದೇ ಚುರುಕಿನಲ್ಲಿ ತಳ್ಳಿ. ಮೆಲ್ಲಗೆ ಒತ್ತುತ್ತ ಹೋದರೆ ಕ್ಲಿಪ್ ಕುಗ್ಗುವುದಿಲ್ಲ. ಕೈಯ ಬಲ ಸಾಲದಿದ್ದರೆ ಬಟ್ಟಲಿನ ಅಂಚಿಗೆ ಹಿತ್ತಾಳೆಯ ಸರಳನ್ನೋ ಮರದ ತುಂಡನ್ನೋ ಆನಿಸಿ ಒಂದೆರಡು ಏಟು ಕೊಡಬಹುದು. ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟಿಗೆ ತಾಗಕೂಡದು.

ಕೂತಿದೆಯೋ ಇಲ್ಲವೋ ನೋಡಲು ಬಟ್ಟಲನ್ನು ಹಿಡಿದು ಹೊರಕ್ಕೆ ಎಳೆಯಿರಿ. ಒಂದಿಷ್ಟು ಅಲುಗಾಡಬಹುದು, ಹೊರಬರಬಾರದು. ನಡುವಿನ ಸರಳನ್ನು ಎಳೆದರೆ ಏನೂ ತಿಳಿಯುವುದಿಲ್ಲ, ಜಾಯಿಂಟ್ ಕಳಚುವ ಅಪಾಯ ಬೇರೆ. ಬಟ್ಟಲಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದನ್ನು ಹಳೆ ಶಾಫ್ಟ್ ಬಿಚ್ಚುವ ಮೊದಲೇ ಅಳೆದಿಟ್ಟುಕೊಂಡಿದ್ದರೆ ಈಗ ಹೋಲಿಸಬಹುದು. ಇದಿಷ್ಟೂ ಪರೀಕ್ಷೆ ಸ್ಟಿಯರಿಂಗ್ ನಕಲ್ (ಹಬ್ಬನ್ನು ಹೊತ್ತ ಭಾಗ), ಚಕ್ರ ಜೋಡಿಸುವ ಮೊದಲೇ ಆಗಬೇಕು. ಕಾರು ಸ್ಟ್ಯಾಂಡ್ ಮೇಲಿರಲಿ, ಬರೀ ಜ್ಯಾಕ್ ನಂಬಿ ಕೆಳಗೆ ಕೈ ಹಾಕಬೇಡಿ.

ಪ್ರಶ್ನೆ: ಒಳತುದಿ ಸರಿಯಾಗಿ ಕೂತಿದೆ. ಆದರೆ ಹಬ್ಬಿನೊಳಗೆ ಹೊರತುದಿ ತೂರಿಸಲು ಹೋದರೆ ಶಾಫ್ಟೇ ಉದ್ದವಾಯಿತೇನೋ ಅನ್ನಿಸುತ್ತದೆ. ನಕಲ್ಲನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮ್ ಬಿಚ್ಚಿಯೇ ಇದೆ.

ಉತ್ತರ: ಒಳ ಜಾಯಿಂಟ್ ಕಳಚಿರಬೇಕು. ಅದರೊಳಗೆ ಮೂರು ಕಾಲಿನ ಟ್ರೈಪಾಡ್, ಕಾಲಿಗೊಂದು ಉರುಳೆ. ಶಾಫ್ಟನ್ನು ನೇತಾಡಲು ಬಿಟ್ಟರೆ ಅಥವಾ ಸರಳು ಹಿಡಿದು ಎಳೆದರೆ ಉರುಳೆಗಳು ಬಟ್ಟಲಿನ ಮೂರು ತೋಡುಗಳಿಂದ ಹೊರಬಂದು ಅಂಚಿನ ಮೇಲೆ ಕೂರುತ್ತವೆ. ಬೂಟ್ ಮುಚ್ಚಿರುವುದರಿಂದ ಹೊರಗೆ ಕಾಣದು. ಬೂಟಿನ ದೊಡ್ಡ ಕ್ಲ್ಯಾಂಪ್ ಬಿಚ್ಚಿ, ಉರುಳೆ ಮೂರೂ ಇವೆಯೇ ನೋಡಿ, ತೋಡಿಗೆ ಸೇರಿಸಿ, ಹೊಸ ಕ್ಲ್ಯಾಂಪ್ ಹಾಕಿ. ಕ್ಲ್ಯಾಂಪ್ ಬಿಗಿಯುವ ಮೊದಲು ಬೂಟಿನ ಅಂಚನ್ನು ಮೊಂಡು ಸ್ಕ್ರೂಡ್ರೈವರಿನಿಂದ ಎತ್ತಿ ಗಾಳಿ ಸರಿದೂಗಿಸಿ, ಇಲ್ಲದಿದ್ದರೆ ಬೂಟ್ ಒಳಕ್ಕೆ ಸೊಟ್ಟಗಾಗಿ ಬೇಗ ಹರಿಯುತ್ತದೆ.

ಲೋವರ್ ಆರ್ಮ್ ತುದಿಯ ಬಾಲ್ ಜಾಯಿಂಟ್ (ಗುಂಡು ಕೀಲು) ಮತ್ತೆ ಸೇರಿಸುವಾಗ ಅದರ ಕಂಬದಲ್ಲಿ ಅಡ್ಡ ತೋಡು ಇದ್ದರೆ ಬೋಲ್ಟ್ ಆ ತೋಡಿನ ಮೂಲಕವೇ ಹಾದುಹೋಗಬೇಕು. ಕಂಬ ಪೂರ್ತಿ ಮೇಲೇರದಿದ್ದರೆ ಬೋಲ್ಟ್ ತೂರುವುದಿಲ್ಲ. ಬೋಲ್ಟನ್ನು ಹೊಡೆದು ತೂರಿಸಬೇಡಿ, ಕಂಬವನ್ನೇ ಇನ್ನಷ್ಟು ಮೇಲೆತ್ತಿ.

ಪ್ರಶ್ನೆ: ಎಲ್ಲ ಜೋಡಿಸಿಯಾಯಿತು. ಗೇರ್ ಬೀಳುತ್ತದೆ, ಕ್ಲಚ್ ಬಿಟ್ಟರೆ ಎಂಜಿನ್ ಓಡುತ್ತಲೇ ಇರುತ್ತದೆ, ಕಾರು ಮಾತ್ರ ಕದಲುವುದಿಲ್ಲ. ಕರಕರ ಸದ್ದು ಬರುತ್ತಿದೆ.

ಉತ್ತರ: ಕೂಡಲೇ ನಿಲ್ಲಿಸಿ. ಒಂದು ಬದಿಯ ಶಾಫ್ಟ್ ಸೈಡ್ ಗೇರಿನಿಂದ ಹೊರಗಿದೆ. ಸಾಮಾನ್ಯ ಡಿಫರೆನ್ಷಿಯಲ್ ತಡೆ ಇಲ್ಲದ ಕಡೆಗೇ ತಿರುಗುತ್ತದೆ, ಹಾಗಾಗಿ ಒಂದು ಬದಿ ಕಳಚಿದರೂ ಎರಡೂ ಚಕ್ರ ನಿಂತುಬಿಡುತ್ತವೆ. ಸದ್ದು ಹಲ್ಲಿನ ತುದಿಗಳು ಉಜ್ಜುವುದರದು. ಆ ಲೋಹದ ಪುಡಿ ಆಯಿಲಿಗೆ ಸೇರುತ್ತದೆ. ಎಂಜಿನ್ ಆಫ್ ಮಾಡಿ, ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮೊದಲ ಗೇರ್ ಹಾಕಿ, ಒಂದು ಚಕ್ರ ತಿರುಗಿಸಿ. ಇನ್ನೊಂದು ಉಲ್ಟಾ ದಿಕ್ಕಿಗೆ ತಿರುಗಿದರೆ ಎರಡೂ ಕೂಡಿಕೊಂಡಿವೆ. ತಿರುಗದಿದ್ದರೆ ಹೊಸದಾಗಿ ಹಾಕಿದ ಬದಿಯನ್ನು ಮೊದಲು ಬಿಚ್ಚಿ.

ಪ್ರಶ್ನೆ: ಹೊಸ ಶಾಫ್ಟ್ ಹಾಕಿದ ಮೇಲೆ ಗೇರ್‌ಬಾಕ್ಸ್ ಬುಡದಲ್ಲಿ ಆಯಿಲ್ ತೊಟ್ಟಿಕ್ಕುತ್ತಿದೆ.

ಉತ್ತರ: ಮೊದಲು ಒಣಬಟ್ಟೆಯಿಂದ ಒರೆಸಿ ಸ್ವಲ್ಪ ಓಡಿಸಿ ನೋಡಿ, ಬಿಚ್ಚುವಾಗ ಸುರಿದ ಹಳೆ ಎಣ್ಣೆಯೂ ಹೀಗೇ ಇಳಿಯುತ್ತದೆ. ಮತ್ತೆ ಒದ್ದೆಯಾದರೆ ಶಾಫ್ಟ್ ಪೂರ್ತಿ ಕೂತಿದೆಯೇ ನೋಡಿ. ಕೂರದಿದ್ದರೆ ನುಣುಪು ಭಾಗ ಸೀಲಿನ ತುಟಿಗೆ ಸಿಗುವುದಿಲ್ಲ. ಕೂತಿದ್ದೂ ಸೋರಿದರೆ ತೂರಿಸುವಾಗ ಸ್ಪ್ಲೈನ್ ಹಲ್ಲು ತುಟಿಯನ್ನು ಕೊಯ್ದಿರಬೇಕು, ಅಥವಾ ತುಟಿಯ ಹಿಂದಿನ ಸಣ್ಣ ಸ್ಪ್ರಿಂಗ್ ಕಳಚಿರಬೇಕು. ಹೊಸ ಸೀಲನ್ನು ಹಳೆಯದಿದ್ದ ಆಳಕ್ಕೇ, ಓರೆಯಾಗದಂತೆ ಕೂರಿಸಿ, ತುಟಿಗೆ ಗೇರ್ ಆಯಿಲ್ ಸವರಿ. ಸೋರಿದ ಎಣ್ಣೆ ತುಂಬಲು ಕಾರು ಸಮತಟ್ಟಾಗಿರುವಾಗ ಲೆವೆಲ್ ನೋಡಿಯೇ ಹಾಕಿ.

ಪ್ರಶ್ನೆ: ಹಬ್ ನಟ್ ಅನ್ನು ಏರ್ ಗನ್‌ನಿಂದಲೇ ಬಿಗಿಯಬಹುದೇ?

ಉತ್ತರ: ಬೇಡ. ಈ ನಟ್ ಶಾಫ್ಟನ್ನು ಹಿಡಿಯುವುದಷ್ಟೇ ಅಲ್ಲ, ಹಲವು ಕಾರುಗಳಲ್ಲಿ ವೀಲ್ ಬೇರಿಂಗಿನ ಒಳಬಳೆಗಳನ್ನು ಒತ್ತಿಹಿಡಿಯುವುದೂ ಇದೇ. ಗನ್ ಕೊಡುವ ಬಿಗಿತಕ್ಕೆ ಲೆಕ್ಕವಿಲ್ಲ. ಚಿಕ್ಕ ಕಾರುಗಳಲ್ಲಿ 150 ರಿಂದ 250 ನ್ಯೂಟನ್ ಮೀಟರ್ ಸಾಮಾನ್ಯ. ನಿಮ್ಮ ಕಾರಿನ ನಿಖರ ಅಂಕಿ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಟಾರ್ಕ್ ರೆಂಚಿನಿಂದ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿಯಲಿ. ನಟ್ ಸಡಿಲವಿರುವಾಗ ಕಾರನ್ನು ಉರುಳಿಸಬೇಡಿ, ಬೇರಿಂಗ್ ಹಾಳಾಗುತ್ತದೆ. ನಟ್ ಹೊಸದೇ ಹಾಕಿ, ಬಿಗಿದ ಮೇಲೆ ಅಂಚನ್ನು ಶಾಫ್ಟಿನ ತೋಡಿಗೆ ಬಡಿದು ಬಾಗಿಸಿ; ಕಾಟರ್ ಪಿನ್ ಇರುವ ಮಾದರಿಯಾದರೆ ಹೊಸ ಪಿನ್ ಹಾಕಿ.

ಪ್ರಶ್ನೆ: ಈಗ ಕಾರು ಓಡುತ್ತದೆ, ಆದರೆ ಸದ್ದು, ನಡುಕ ಇದೆ. ಯಾವ ತುದಿಯದು?

ಉತ್ತರ: ಸ್ಟಿಯರಿಂಗ್ ತಿರುಗಿಸಿ ಹೊರಟಾಗ ಟಕಟಕ ಅಂದರೆ ಹೊರ ಜಾಯಿಂಟ್. ನೇರ ರಸ್ತೆಯಲ್ಲಿ ಆಕ್ಸಲರೇಟರ್ ಒತ್ತಿದಾಗ ನಡುಗಿ, ಬಿಟ್ಟರೆ ನಿಂತರೆ ಒಳ ಜಾಯಿಂಟ್. ವೇಗ ಹೆಚ್ಚಿದಂತೆ ಸದಾ ಗುಂಯ್ ಅನ್ನುತ್ತಿದ್ದರೆ ಶಾಫ್ಟಿಗಿಂತ ಮೊದಲು ವೀಲ್ ಬೇರಿಂಗ್ ನೋಡಿ.