ಮೂರನೇ ಶನಿವಾರದ ಹೊಟ್ಟೆನೋವು

ಶಾಲೆಯ ಅಡುಗೆ ಚಟುವಟಿಕೆಗೆ ಸಾಮಾನು ತರಲಾಗದೆ ಒಳಗೊಳಗೇ ನವೆಯುವ ಮಕ್ಕಳು ಆಪ್ತಸಲಹೆಗೆ ಬರುವುದು ಅಪರೂಪವೇನಲ್ಲ. ಆದರೆ ಅದನ್ನು ಹೇಳಿಕೊಂಡು ಯಾರೂ ಬರುವುದಿಲ್ಲ. ಹೊಟ್ಟೆನೋವು, ತಲೆನೋವು, ಸುಳ್ಳು, ರಜೆ ಎಂಬ ಹೆಸರಿನಲ್ಲಿ ಬರುತ್ತಾರೆ. ಅದಕ್ಕೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ. ಹುಡುಗಿಯನ್ನು ಕಾವ್ಯ ಎನ್ನೋಣ.

ಕಾವ್ಯಳಿಗೆ ಹನ್ನೊಂದು ವರ್ಷ, ಆರನೇ ತರಗತಿ. ತಾಯಿ ಪೀಣ್ಯ ಕಡೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್, ತಂದೆ ಬಾಡಿಗೆ ಗೂಡ್ಸ್ ಆಟೋ ಓಡಿಸುತ್ತಾರೆ. ಖಾಸಗಿ ಶಾಲೆಯ ಫೀಸನ್ನು ಮೂರು ಕಂತಿನಲ್ಲಿ ಕಟ್ಟುವ ಮನೆ. ಹುಡುಗಿಗೆ ಕೆಲವು ತಿಂಗಳಿಂದ ಹೊಟ್ಟೆನೋವು. ಮಕ್ಕಳ ವೈದ್ಯರು ನೋಡಿ, ಮೂತ್ರಪರೀಕ್ಷೆ ಮಾಡಿಸಿ, ಜಂತುಹುಳುವಿನ ಮಾತ್ರೆ ಕೊಟ್ಟು, ಏನೂ ಇಲ್ಲ ಎಂದು ಕಳಿಸಿದ್ದರು.

ಇಂಥ ನೋವು ನಾಟಕವಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು. ಆತಂಕಕ್ಕೆ ಕರುಳು ನಿಜವಾಗಿಯೂ ಹಿಂಡುತ್ತದೆ, ಮಗುವಿಗೆ ನಿಜವಾಗಿಯೂ ನೋಯುತ್ತದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಜ್ವರ, ಮತ್ತೆ ಮತ್ತೆ ವಾಂತಿ, ಮಲದಲ್ಲಿ ರಕ್ತ ಇವುಗಳಲ್ಲಿ ಒಂದಿದ್ದರೂ ಆಪ್ತಸಲಹೆಗಾರರ ಹತ್ತಿರವಲ್ಲ, ಮತ್ತೆ ವೈದ್ಯರ ಹತ್ತಿರವೇ ಹೋಗಬೇಕು. ಕಾವ್ಯಳಿಗೆ ಇವು ಯಾವುವೂ ಇರಲಿಲ್ಲ. ನೋವು ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬನ್ನಿ ಎಂದು ತಾಯಿಗೆ ಹೇಳಿದ್ದೆ. ಅವರು ಗೋಡೆಯ ಕ್ಯಾಲೆಂಡರನ್ನೇ ಸುತ್ತಿಕೊಂಡು ತಂದರು. ಗುರುತುಗಳು ಎದ್ದು ಕಂಡವು. ಬಹುಪಾಲು ಮೂರನೇ ಶನಿವಾರದವು, ಮಿಕ್ಕವು ಅದರ ಹಿಂದಿನ ದಿನದವು.

ಮೂರನೇ ಶನಿವಾರ ಆ ಶಾಲೆಯಲ್ಲಿ ಆಕ್ಟಿವಿಟಿ ಡೇ. ಎನ್‌ಸಿಇಆರ್‌ಟಿಯ ಆರನೇ ತರಗತಿಯ 'ಕೌಶಲ ಬೋಧ' ಪುಸ್ತಕದಲ್ಲಿ ಬೆಂಕಿಯಿಲ್ಲದ ಅಡುಗೆ ಒಂದು ಪಾಠ. ಕೈಕೆಲಸ ಕಲಿಯಲಿ, ಅಡುಗೆಮನೆಯ ಕೆಲಸವನ್ನು ಹುಡುಗರೂ ಮಾಡಲಿ ಎಂಬುದು ಒಳ್ಳೆಯ ಉದ್ದೇಶವೇ. ಪಾಠದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಸಾಮಾನಿನ ಪಟ್ಟಿಯ ಬಗ್ಗೆ.

ಮೂರನೇ ಭೇಟಿಯಲ್ಲಿ ಕಾವ್ಯ ಒಬ್ಬಳೇ ಇದ್ದಳು. ಆ ತಿಂಗಳ ಚಟುವಟಿಕೆ ಸ್ಯಾಂಡ್‌ವಿಚ್. ಆರು ಮಕ್ಕಳಿಗೆ ಒಂದು ಗುಂಪು. ಬ್ರೆಡ್, ಚೀಸ್ ಸ್ಲೈಸ್, ಮೇಯನೇಸ್, ಸೌತೆಕಾಯಿ, ಟೊಮೆಟೊ, ಪೇಪರ್ ಪ್ಲೇಟ್ ಮತ್ತು ಟಿಶ್ಯೂ ಎಂದು ಆರು ಚೀಟಿ ಬರೆದು ಎತ್ತಿಸಿದ್ದರು. ಕಾವ್ಯಳಿಗೆ ಬಂದದ್ದು ಚೀಸ್. "ಎಷ್ಟಾಗುತ್ತೆ ಅದಕ್ಕೆ?" ಎಂದು ಕೇಳಿದೆ. ಯೋಚಿಸದೆ ಹೇಳಿದಳು: "ಹತ್ತರ ಪ್ಯಾಕು ನೂರೈವತ್ತು ಮಿಸ್. ಐದರದ್ದು ನಮ್ಮ ರೋಡಲ್ಲಿ ಸಿಗಲ್ಲ." ಗಣಿತದ ರಫ್ ಪುಸ್ತಕದ ಹಿಂದಿನ ಹಾಳೆ ತೆಗೆದು ತೋರಿಸಿದಳು. ಸ್ಕೂಲು ಬಿಟ್ಟ ಮೇಲೆ ಸೂಪರ್ ಮಾರ್ಕೆಟ್ಟಿಗೆ ಹೋಗಿ ರೇಟು ನೋಡಿಕೊಂಡು ಬಂದು ಬರೆದಿದ್ದಳು. ಚೀಸ್ 150, ಮೇಯನೇಸ್ 90, ಬ್ರೆಡ್ 50. ಹಿಂದಿನ ತಿಂಗಳದ್ದೂ ಇತ್ತು: ಬಿಸ್ಕತ್ ಕೇಕ್‌ಗೆ ಚಾಕೊಲೇಟ್ ಸಿರಪ್. ಅದರ ಹಿಂದಿನದು ಏಪ್ರನ್ ಮತ್ತು ಟೋಪಿ, 250. ಒಂದೊಂದರ ಮುಂದೆಯೂ ಅಡ್ಡಗೆರೆ ಎಳೆದಿದ್ದಳು. ಅದು ರಜೆ ಹಾಕಿದ ದಿನದ ಗುರುತು.

"ಅಮ್ಮನಿಗೆ ಹೇಳಿದ್ಯಾ?" ಎಂದೆ. ತಲೆಯಾಡಿಸಿದಳು, ಇಲ್ಲ. ಬೈತಾರೆ ಅಂತಲೋ ಎಂದು ಕೇಳಿದೆ. ಅವಳು ನನ್ನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿದಳು.

"ಬೈಯಲ್ಲ ಮಿಸ್. ಹೇಳಿದ್ರೆ ಅಮ್ಮ ತಂದ್ಕೊಟ್ಬಿಡುತ್ತೆ. ಅದಕ್ಕೇ ಹೇಳಲ್ಲ."

ಈ ಪ್ರಕರಣ ತಿರುಗಿದ್ದು ಆ ಮಾತಿನಲ್ಲಿ. ಅಲ್ಲಿಯವರೆಗೆ, ಹೆದರಿದ ಮಗುವೊಂದು ಕೂತಿದೆ, ತಾಯಿಯ ಜೊತೆ ಮಾತಾಡುವ ಧೈರ್ಯ ಕೊಟ್ಟರೆ ಸಾಕು ಎಂಬ ಅಂದಾಜಿನಲ್ಲಿ ನಾನಿದ್ದೆ. ಅಂದಾಜು ತಪ್ಪಾಗಿತ್ತು. ಈ ಮಗುವಿಗೆ ತಾಯಿಯ ಭಯವಿರಲಿಲ್ಲ, ತಾಯಿಯ ಪ್ರೀತಿ ಎಷ್ಟು ಎಂದು ಚೆನ್ನಾಗಿ ಗೊತ್ತಿತ್ತು. ಕೇಳಿದರೆ ಅಮ್ಮ ಓವರ್‌ಟೈಮ್ ಮಾಡುತ್ತಾಳೆ, ಬಸ್ಸು ಬಿಟ್ಟು ನಡೆದು ಬರುತ್ತಾಳೆ, ಚೀಸ್ ಬರುತ್ತದೆ. ಆದ್ದರಿಂದ ಕೇಳಬಾರದು. ಮನೆಯ ಖರ್ಚಿನ ತೀರ್ಮಾನವೊಂದನ್ನು ಹನ್ನೊಂದು ವರ್ಷದ ಹುಡುಗಿ ತಿಂಗಳು ತಿಂಗಳೂ ಒಬ್ಬಳೇ ಮಾಡುತ್ತಿದ್ದಳು.

"ಬಾಯಿಬಿಟ್ಟು ಕೇಳಮ್ಮ" ಎನ್ನುವುದು ಇಲ್ಲಿ ಕೆಟ್ಟ ಸಲಹೆ. ಕೇಳಿದರೆ ಏನಾಗುತ್ತದೆ ಎಂಬ ಅವಳ ಲೆಕ್ಕ ಸರಿಯಾಗಿಯೇ ಇತ್ತು. ಬದಲಾಗಬೇಕಾದದ್ದು ಲೆಕ್ಕ ಹಾಕುವವರು ಯಾರು ಎಂಬುದು.

ಅವಳ ಒಪ್ಪಿಗೆ ಪಡೆದು ಮುಂದಿನ ಭೇಟಿಗೆ ತಾಯಿಯನ್ನು ಕರೆಸಿದೆ. ಹಾಳೆಯನ್ನು ಅಮ್ಮನಿಗೆ ಯಾರು ತೋರಿಸಬೇಕು ಎಂಬುದನ್ನೂ ಅವಳೇ ಹೇಳಲಿ ಎಂದೆ. ತಾನೇ ತೋರಿಸಿದಳು. ತಾಯಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನೂರೈವತ್ತು ರೂಪಾಯಿಗೆ ಸ್ಕೂಲ್ ಬಿಡಿಸ್ತೀನಾ ಮೇಡಂ, ಸಾಲ ಮಾಡಿಯಾದ್ರೂ ತರ್ತಿದ್ದೆ" ಎಂದರು. ಕಾವ್ಯ ನನ್ನ ಕಡೆ ನೋಡಿದಳು, ನೋಡಿದ್ರಾ ಎಂಬಂತೆ.

ತಾಯಿಗೆ ಕೊಟ್ಟ ಸಲಹೆ ಇದು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಪಕ್ಕ ಒಂದು ಖಾಲಿ ಡಬ್ಬಿ ಇಡಿ. ಶಾಲೆಯಿಂದ ಬಂದ ಯಾವ ಚೀಟಿಯಾದರೂ, ಡೈರಿಯಲ್ಲಿ ಬರೆಸಿದ್ದಾದರೆ ಅದರ ನಕಲು, ಬಂದ ದಿನವೇ ಡಬ್ಬಿಗೆ ಬೀಳಬೇಕು. ಮಗುವಿನ ಕೆಲಸ ಅಲ್ಲಿಗೆ ಮುಗಿಯಿತು. ರಾತ್ರಿ ನೀವು ಅಥವಾ ಯಜಮಾನರು ಅದರ ಮೇಲೆ ಮೂರರಲ್ಲಿ ಒಂದು ಮಾತು ಬರೆಯಿರಿ: ಮನೆಯಲ್ಲಿದೆ, ತರೋಣ, ಬೇಡ. "ಬೇಡ" ಎಂದು ಬರೆದರೆ ಕೆಳಗೆ ಟೀಚರಿಗೆ ಎರಡು ಸಾಲು ನೀವೇ ಬರೆದು ಸಹಿ ಹಾಕಿ. ಚೀಸ್ ತರಲು ಆಗುವುದಿಲ್ಲ, ಸೌತೆಕಾಯಿ, ಟೊಮೆಟೊ ಎರಡನ್ನೂ ಕಳಿಸುತ್ತೇವೆ, ಹಂಚಿಕೆ ಬದಲಿಸಿ. ಇಷ್ಟು ಸಾಕು, ಕಾರಣ ಬರೆಯಬೇಕಾಗಿಲ್ಲ. ಆ ಮಾತನ್ನು ಮಗುವಿನ ಬಾಯಲ್ಲಿ ಹೇಳಿಸಬೇಡಿ. ತರಗತಿಯ ಎದುರು ಅದನ್ನು ಹೇಳಬೇಕಾಗುತ್ತದೆಂಬ ಭಯಕ್ಕೇ ಅವಳ ಹೊಟ್ಟೆ ನೋಯುತ್ತಿದ್ದದ್ದು.

ತಿಂಗಳಿಗೆ ಶಾಲೆಯ ಇಂಥ ಖರ್ಚಿಗೆ ಎಷ್ಟು ಎಂದು ಗೊತ್ತುಮಾಡಿ ಎಂದೂ ಹೇಳಿದೆ. ಅವರು ನೂರು ರೂಪಾಯಿ ಎಂದರು. ಆ ನೂರನ್ನು ಮಗಳಿಗೂ ತಿಳಿಸಿ ಎಂದೆ. ಇದನ್ನು ಒಪ್ಪದವರಿದ್ದಾರೆ. ಮಕ್ಕಳಿಗೆ ಬಡತನದ ಲೆಕ್ಕ ಯಾಕೆ, ಅವರ ಬಾಲ್ಯ ಹಾಳಾಗುತ್ತದೆ ಎನ್ನುತ್ತಾರೆ. ಲೆಕ್ಕ ಆ ಮಗುವಿಗೆ ಆಗಲೇ ಗೊತ್ತಿತ್ತಲ್ಲ! ಗೊತ್ತಿಲ್ಲದ್ದು ಮಿತಿ ಮಾತ್ರ. ಮಿತಿ ತಿಳಿಯದ ಮಗು ಪ್ರತಿ ಹತ್ತು ರೂಪಾಯಿಗೂ ಮನೆ ಮುಳುಗುತ್ತದೆ ಎಂದುಕೊಳ್ಳುತ್ತದೆ. ನೂರು ಎಂದು ಗೊತ್ತಾದರೆ ಎಪ್ಪತ್ತರ ಚೀಟಿಗೆ ಹೆದರುವುದಿಲ್ಲ.

ಇನ್ನು ಶಾಲೆ. ಇಲ್ಲಿ ಸುಲಭದ ದಾರಿಯೊಂದಿತ್ತು: ಪ್ರಾಂಶುಪಾಲರಿಗೆ ಹೇಳಿ ಈ ಒಂದು ಮಗುವಿಗೆ ವಿನಾಯಿತಿ ಕೊಡಿಸುವುದು. ಸಹೋದ್ಯೋಗಿಯೊಬ್ಬರು ಯಾಕೆ ಹಾಗೆ ಮಾಡಲಿಲ್ಲ ಎಂದು ಕೇಳಿದರು. ವಿನಾಯಿತಿ ಎಂದರೆ ಗುಂಪಿನ ಐದು ಮಕ್ಕಳು ತಂದದ್ದನ್ನು ಆರನೆಯವಳು ತಿನ್ನುವುದು. ಐದೂ ಮಕ್ಕಳಿಗೆ ಅದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಮಗು ಏನನ್ನು ಮುಚ್ಚಿಡಲು ಇಷ್ಟು ತಿಂಗಳು ಒದ್ದಾಡಿತೋ ಅದನ್ನೇ ಬಹಿರಂಗ ಮಾಡಿದಂತೆ. ಅದಕ್ಕೆ ತಾಯಿಯ ಒಪ್ಪಿಗೆಯೊಂದಿಗೆ ಶಾಲೆಗೆ ಹೋದರೂ ಮಗುವಿನ ವಿಷಯ ಎತ್ತಲಿಲ್ಲ, ಪಟ್ಟಿಯ ವಿಷಯ ಎತ್ತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಸಾಮಾನು ತರದ ಮಗುವನ್ನು ಹೊರಗೆ ನಿಲ್ಲಿಸುವ ಶಾಲೆಗೆ ಅದನ್ನು ನೆನಪಿಸಲೇಬೇಕು. ಇಲ್ಲಿ ಅಂಥದ್ದೇನೂ ನಡೆದಿರಲಿಲ್ಲ. ಟೀಚರ್ ಒಳ್ಳೆಯವರು, ಚೀಟಿ ಎತ್ತಿಸುವುದು ಎಲ್ಲರಿಗೂ ನ್ಯಾಯ ಎಂದೇ ನಂಬಿದ್ದರು.

ಅವರೊಂದಿಗೆ ಕೂತು ಆ ನ್ಯಾಯವನ್ನು ಕಾಗದದ ಮೇಲೆ ಹಾಕಿದೆವು. ಒಂದು ಗುಂಪಿಗೆ ಬ್ರೆಡ್ 50, ಚೀಸ್ 150, ಮೇಯನೇಸ್ 90, ಸೌತೆಕಾಯಿ 20, ಟೊಮೆಟೊ 20, ಪ್ಲೇಟು ಟಿಶ್ಯೂ 40, ಒಟ್ಟು 370. ಚೀಟಿಯ ಅದೃಷ್ಟದಲ್ಲಿ ಒಂದು ಮನೆಗೆ 20, ಇನ್ನೊಂದಕ್ಕೆ 150. ಆರು ಸ್ಯಾಂಡ್‌ವಿಚ್‌ಗೆ ನಿಜವಾಗಿ ಬೇಕಾದದ್ದು ಹನ್ನೆರಡು ತುಂಡು ಬ್ರೆಡ್, ಆರು ಚೀಸ್ ಸ್ಲೈಸ್, ಆರು ಚಮಚ ಎಂದರೆ 90 ಗ್ರಾಂ ಮೇಯನೇಸ್. ಬಳಸಿದ್ದಕ್ಕೆ ಮಾತ್ರ ಬೆಲೆ ಕಟ್ಟಿದರೆ ಸುಮಾರು 200. ಉಳಿದದ್ದು ಪ್ಯಾಕೆಟ್ಟಿನ ಬೆಲೆ. ನಲವತ್ತೆರಡು ಮಕ್ಕಳ ತರಗತಿಯಲ್ಲಿ ಏಳು ಗುಂಪು, ಕಾಲು ಕೆಜಿಯ ಏಳು ಮೇಯನೇಸ್ ಪ್ಯಾಕು, ಒಟ್ಟು ಒಂದೂಮುಕ್ಕಾಲು ಕೆಜಿ. ಖರ್ಚಾಗುವುದು 630 ಗ್ರಾಂ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟ ಚೀಸ್ ಹನ್ನೊಂದೂವರೆಯ ತನಕ ಬ್ಯಾಗಿನಲ್ಲಿ ಮೆತ್ತಗಾಗುತ್ತದೆ. ಪ್ಯಾಕು ಒಡೆದ ಮೇಲೆ ಮೇಯನೇಸ್ ಫ್ರಿಜ್ ಇಲ್ಲದೆ ನಿಲ್ಲುವುದಿಲ್ಲ. ಉಳಿದದ್ದನ್ನು ಮನೆಗೆ ಒಯ್ದು ತಿನ್ನಿ ಎಂದರೆ ಫ್ರಿಜ್ ಇಲ್ಲದ ಮನೆಗೆ ಅದೂ ನಷ್ಟ.

ಸಮಸ್ಯೆ ಸಾಮಾನಿನ ಬೆಲೆಗಿಂತ ಪಟ್ಟಿ ಬರೆಯುವ ರೀತಿಯಲ್ಲಿತ್ತು. "ಒಂದು ಪ್ಯಾಕೆಟ್" ಎಂದು ಬರೆದಲ್ಲೆಲ್ಲ "ಎರಡು ಚಮಚ", "ಅರ್ಧ ಸೌತೆಕಾಯಿ" ಎಂದು ಬರೆದರೆ ಅರ್ಧ ಸಾಮಾನು ಮನೆಯಿಂದಲೇ ಬರುತ್ತದೆ. ಪ್ಯಾಕೆಟ್ಟಿನಲ್ಲೇ ಬರುವುದನ್ನು ಶಾಲೆ ಒಟ್ಟಿಗೆ ಕೊಳ್ಳಬೇಕು. ಏಪ್ರನ್ ಬೇಡ, ಅಮ್ಮನ ಹಳೆಯ ವೇಲ್ ಸೊಂಟಕ್ಕೆ ಕಟ್ಟಿದರೆ ಆಯಿತು. ತಲೆಗೆ ಒಗೆದ ಕರವಸ್ತ್ರ.

ಟೀಚರ್ ಕೇಳಿದ ಪ್ರಶ್ನೆ ನ್ಯಾಯವಾದದ್ದು: ಒಲೆ ಹಚ್ಚುವ ಹಾಗಿಲ್ಲ, ಸ್ಯಾಂಡ್‌ವಿಚ್ ಬಿಟ್ಟರೆ ಏನು ಮಾಡಿಸಲಿ? ಒಲೆಯಿಲ್ಲದ ಅಡುಗೆ ನಮಗೆ ಹೊಸದೇ? ರಾಮನವಮಿಗೆ ಬೀದಿ ಬೀದಿಯಲ್ಲಿ ಹಂಚುವ ಕೋಸಂಬರಿ, ಪಾನಕ, ನೀರುಮಜ್ಜಿಗೆಗೆ ಎಲ್ಲಿಯ ಬೆಂಕಿ? ಬಾಳೆಹಣ್ಣಿನ ರಸಾಯನ, ಚುರುಮುರಿ, ರಾಗಿ ಹುರಿಹಿಟ್ಟಿಗೆ ಬೆಲ್ಲ ಕಾಯಿತುರಿ ಕಲಸಿದ ಉಂಡೆ. ಮೊದಲ ಸಲಕ್ಕೆ ಕೋಸಂಬರಿ ಎಂದು ತೀರ್ಮಾನವಾಯಿತು. ನಲವತ್ತೆರಡು ಮಕ್ಕಳಿಗೆ ಹೆಸರುಬೇಳೆ ಅರ್ಧ ಕೆಜಿ, ಸೌತೆಕಾಯಿ ಎರಡು ಕೆಜಿ, ಕ್ಯಾರೆಟ್ ಅರ್ಧ ಕೆಜಿ, ದೊಡ್ಡ ತೆಂಗಿನಕಾಯಿ ಒಂದು, ನಿಂಬೆಹಣ್ಣು ಎಂಟು, ಕೊತ್ತಂಬರಿ ಒಂದು ಕಟ್ಟು, ಹಸಿಮೆಣಸಿನಕಾಯಿ, ಉಪ್ಪು. ಆ ವಾರದ ಹಾಪ್‌ಕಾಮ್ಸ್ ಮತ್ತು ದಿನಸಿ ಅಂಗಡಿಯ ದರದಲ್ಲಿ ಸುಮಾರು 300 ರೂಪಾಯಿ. ತಲೆಗೆ ಏಳು ರೂಪಾಯಿ ಚಿಲ್ಲರೆ.

ಕೆಡುವುದು ಎಲ್ಲಿ ಎಂಬುದನ್ನೂ ಟೀಚರಿಗೆ ಬರೆದುಕೊಟ್ಟೆ. ಬೇಳೆ ಒಂದು ಗಂಟೆ ನೆನೆದರೆ ಸಾಕು, ಉಗುರಿನಲ್ಲಿ ಒತ್ತಿದರೆ ಮುರಿಯಬೇಕು. ಹಿಂದಿನ ರಾತ್ರಿ ನೆನೆಹಾಕಿ ಹಾಗೇ ಬಿಟ್ಟರೆ ಲೋಳೆ ಬಂದು ವಾಸನೆ ಹೊಡೆಯುತ್ತದೆ. ನೆನೆದದ್ದನ್ನು ಜರಡಿಯಲ್ಲಿ ಹತ್ತು ನಿಮಿಷ ಬಸಿಯಲು ಬಿಡಬೇಕು. ಹಸಿಯಾಗಿ ತಿನ್ನುವುದರಿಂದ ಬೇಳೆ, ತರಕಾರಿ ಎಲ್ಲವನ್ನೂ ಕುಡಿಯುವ ನೀರಿನಲ್ಲೇ ತೊಳೆಯಬೇಕು. ಉಪ್ಪು, ನಿಂಬೆರಸ ಕೊನೆಗೆ, ಬಡಿಸುವ ಮುಂಚೆ; ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಸಾರಾಗುತ್ತದೆ. ಒಗ್ಗರಣೆಯ ಆಸೆ ಬಿಡಬೇಕು. ಚಾಕು ಮಕ್ಕಳ ಕೈಗೆ ಬೇಡ ಎನಿಸಿದರೆ ತುರಿಯುವ ಮಣೆ ಕೊಡಿ, ಸೌತೆಕಾಯಿಯ ಕೊನೆಯ ತುಂಡನ್ನು ತುರಿಯದೆ ತಿಂದುಬಿಡಲು ಹೇಳಿ. ಬೆರಳು ಕೊಯ್ಯುವುದು ಆ ಕೊನೆಯ ತುಂಡಿನಲ್ಲೇ.

ಎಲ್ಲ ಮಕ್ಕಳಿಂದಲೂ ಹತ್ತು ರೂಪಾಯಿ ಎಂದು ನಿಗದಿಯಾಯಿತು, ಡಬ್ಬಿಯ ಬಾಯಿ ಮುಚ್ಚಿ ಸೀಳಿನಲ್ಲಿ ಹಾಕುವ ಹಾಗೆ. ಯಾರು ಹಾಕಿದರು, ಯಾರು ಹಾಕಲಿಲ್ಲ ಎಂದು ಬರೆದುಕೊಳ್ಳಬಾರದು ಎಂಬುದೊಂದೇ ನನ್ನ ಷರತ್ತಾಗಿತ್ತು. ಕಡಿಮೆ ಬಿದ್ದರೆ ಶಾಲೆ ತುಂಬಬೇಕು. ಆಡಳಿತದವರು ಇದಕ್ಕೆ ಗೊಣಗಿದರು, ಮಕ್ಕಳು ಸುಳ್ಳು ಕಲಿಯುತ್ತಾರೆ ಎಂದರು. ಹತ್ತು ರೂಪಾಯಿ ಉಳಿಸಲು ಸುಳ್ಳು ಹೇಳುವ ಮಗುವಿಗಿಂತ ಹತ್ತು ರೂಪಾಯಿ ಇಲ್ಲದ್ದಕ್ಕೆ ಹೊಟ್ಟೆನೋವು ಬರಿಸಿಕೊಳ್ಳುವ ಮಗುವಿನ ಬಗ್ಗೆ ನನಗೆ ಹೆಚ್ಚು ಚಿಂತೆ. ಆ ಮಾತನ್ನು ಅವರಿಗೂ ಹೇಳಿದೆ. ಒಂದು ಅವಧಿಗೆ ನೋಡೋಣ ಎಂದು ಒಪ್ಪಿದರು.

ಕಾವ್ಯ ಕೋಸಂಬರಿಯ ದಿನ ಶಾಲೆಗೆ ಹೋದಳು, ಮುಂದಿನ ತಿಂಗಳೂ ಹೋದಳು. ನಡುವೆ ಒಂದು ಸೋಮವಾರ ಹೊಟ್ಟೆನೋವು ಬಂತು, ಅದು ಗಣಿತದ ಟೆಸ್ಟಿನ ದಿನ.

ಡಿಸೆಂಬರಿನಲ್ಲಿ ತಾಯಿ ಫೋನ್ ಮಾಡಿದರು. ಶಾಲೆಯ ಪ್ರವಾಸದ ಚೀಟಿ ಡಬ್ಬಿಗೆ ಬಿದ್ದಿತ್ತು, 1,800 ರೂಪಾಯಿ. ಗಂಡ ಹೆಂಡತಿ ಕೂತು ಮಾತಾಡಿ "ಬೇಡ" ಎಂದು ಬರೆದಿದ್ದರು. ಮಗಳು ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ, ಕರ್ಕೊಂಡು ಬರಲಾ ಎಂದು ಕೇಳಿದರು.

ಹೊಟ್ಟೆನೋವು ಬಂತಾ ಎಂದು ಕೇಳಿದೆ.

"ಇಲ್ಲ ಮೇಡಂ, ಊಟ ಮಾಡ್ತಾಳೆ, ಸ್ಕೂಲಿಗೂ ಹೋಗ್ತಾಳೆ. ನನ್ನ ಮೇಲೆ ಸಿಟ್ಟು ಅಷ್ಟೇ."

ಕರ್ಕೊಂಡು ಬರುವುದು ಬೇಡ ಎಂದೆ.