ಮೊದಲು ಡ್ಯೂಟಿ ಪಟ್ಟಿ ತಿದ್ದಿರಿ, ಉಪನ್ಯಾಸ ಆಮೇಲೆ

ಗದಗ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿರುವ ಸಿಸ್ಟರ್ ಒಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಪತ್ರ ಬರೆದಿದ್ದಾರೆ. ಇನ್ನೊಂದು ಸಾಂಕ್ರಾಮಿಕ ಬಂದರೆ ಏನು ಮಾಡಬೇಕೆಂದು ಅವರ ಆಸ್ಪತ್ರೆ ಯೋಜನೆ ಬರೆಯುತ್ತಿದೆ. ಅದರಲ್ಲಿ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆಂದು ಇರುವುದು ಎರಡು ತಾಸಿನ ಉಪನ್ಯಾಸ ಮತ್ತು ಒಂದು ಯೋಗ ಶಿಬಿರ. ಇಷ್ಟು ಸಾಕೇ ಎಂಬುದು ಅವರ ಮೊದಲ ಪ್ರಶ್ನೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ದುಡಿದ ಇಬ್ಬರು ನರ್ಸ್‌ಗಳು ಈಗಲೂ ಮಾನಿಟರ್ ಅಲಾರಾಂ ಕೇಳಿದರೆ ಬೆಚ್ಚಿ ಬೀಳುತ್ತಾರೆ, ಆದರೆ ಮನೋವೈದ್ಯರ ಹತ್ತಿರ ಹೋದರೆ ಊರೆಲ್ಲ ಸುದ್ದಿಯಾದೀತೆಂದು ಅಂಜುತ್ತಾರೆ. ಅವರಿಗೆ ಏನು ಹೇಳಲಿ ಎಂಬುದು ಎರಡನೆಯದು.

ಸಿಸ್ಟರ್, ನಮಸ್ಕಾರ.

ಸಾಲದು. ಉಪನ್ಯಾಸ ಕೇಳಿ ಎದ್ದವರಿಗೆ ಅಂದೇ ರಾತ್ರಿ ಬದಲಿ ಇಲ್ಲದ 12 ತಾಸಿನ ಪಾಳಿ ಕಾದಿದ್ದರೆ, ನಿದ್ದೆ ಬಾರದಿರುವುದೂ ತಮ್ಮದೇ ತಪ್ಪೆಂದು ಅವರು ತಿಳಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು, ಅಂದರೆ ಕೆಲಸದಿಂದ ಮೈಮನಸ್ಸು ಪೂರ್ತಿ ಬಸವಳಿಯುವುದನ್ನು, ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದೇ ವಿವರಿಸಿತು. ಹಾಗಿದ್ದ ಮೇಲೆ ರಿಪೇರಿ ಶುರುವಾಗಬೇಕಾದದ್ದು ನಿಮ್ಮ ಕೈಯಲ್ಲಿರುವ ಡ್ಯೂಟಿ ಪಟ್ಟಿಯಿಂದ.

ಸೋಂಕು ತಗಲದಂತೆ ಮೈಪೂರ್ತಿ ಮುಚ್ಚುವ ಪಿಪಿಇ ಕಿಟ್ ಹಾಕಿಕೊಂಡವರು ನೀರು ಕುಡಿಯುವಂತಿಲ್ಲ, ಮೂತ್ರಕ್ಕೆ ಹೋಗುವಂತಿಲ್ಲ. ಅದಕ್ಕೆ ಅಂಜಿ ಪಾಳಿಗೆ ಬರುವ ಮೊದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ನಮ್ಮ ಭಾಗದ ಏಪ್ರಿಲ್-ಮೇ ಧಗೆಯಲ್ಲಿ ಕಿಟ್‌ನೊಳಗೆ ಬೆವರು ಸುರಿದು ತಲೆನೋವು, ಉರಿಮೂತ್ರ, ಸಿಡುಕು ಶುರುವಾಗುತ್ತವೆ. ಮುಟ್ಟಿನ ದಿನಗಳಲ್ಲಂತೂ ತ್ರಾಸು ಇಮ್ಮಡಿ. ಒಂದು ಸಲಕ್ಕೆ 4 ತಾಸಿಗಿಂತ ಹೆಚ್ಚು ಯಾರನ್ನೂ ಒಳಗೆ ನಿಲ್ಲಿಸಬೇಡಿ. ಲೆಕ್ಕ ಹೀಗೆ ಹಾಕಿ: ವಾರ್ಡಿನೊಳಗೆ ಸದಾ 4 ಜನ ಬೇಕೆಂದರೆ ಹಗಲಿನ 6 ತಾಸಿನ ಪಾಳಿಗೆ 3 ತಾಸಿನ ಎರಡು ತಂಡ, ಅಂದರೆ 8 ಜನ. ರಾತ್ರಿಯ 12 ತಾಸಿಗೆ 4 ತಾಸಿನ ಮೂರು ತಂಡ, 12 ಜನ. ಹೊರಗಿರುವ ತಂಡ ಇಂಡೆಂಟ್ (ಔಷಧ, ಸಾಮಗ್ರಿಯ ಬೇಡಿಕೆ ಚೀಟಿ), ಕೇಸ್ ಶೀಟ್, ರೋಗಿಗಳ ಮನೆಗೆ ಫೋನ್ ಮಾಡುವ ಕೆಲಸ ನೋಡಿಕೊಳ್ಳಲಿ. ಇದು ಕೆಡುವುದು ಒಂದೇ ಕಡೆ: ಹೊರಗೆ ಕೂತವರು ಖಾಲಿ ಇದ್ದಾರೆಂದು ಬೇರೆ ವಾರ್ಡಿಗೆ ಎಳೆದುಕೊಳ್ಳುತ್ತಾರೆ. ಆದ್ದರಿಂದ ಬದಲಿಯವರ ಹೆಸರು, ಒಳಗೆ ಹೋಗುವ ಹೊತ್ತು ಎರಡನ್ನೂ ಪಟ್ಟಿಯಲ್ಲಿ ಬರೆದು ಮೇಲಧಿಕಾರಿಗಳ ಸಹಿ ಪಡೆಯಿರಿ. ಅಷ್ಟು ಜನ ಇಲ್ಲವೇ? ಎಷ್ಟು ಜನ ಕಡಿಮೆ ಎಂಬುದನ್ನು ಅಂಕಿಯಲ್ಲೇ ಯೋಜನೆಗೆ ಸೇರಿಸಿ. ರೋಗ ಬಾಗಿಲಿಗೆ ಬಂದ ಮೇಲೆ ಆ ಕಾಗದಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ರಾತ್ರಿ ಪಾಳಿ ಸತತ ಮೂರಕ್ಕಿಂತ ಹೆಚ್ಚು ಬೇಡ, ಮುಗಿದ ಮೇಲೆ ಎರಡು ದಿನ ಪೂರ್ತಿ ರಜೆ. ಸಂಜೆ ಪಾಳಿ ಮುಗಿಸಿ ರಾತ್ರಿ 8ಕ್ಕೆ ಹೊರಟವರನ್ನು ಮರುದಿನ ಬೆಳಿಗ್ಗೆ 8ಕ್ಕೆ ಕರೆಯಬೇಡಿ. ರೋಣ, ಶಿರಹಟ್ಟಿ ಕಡೆಯಿಂದ ಬಸ್ಸಿಗೆ ಓಡಾಡುವವರಿಗೆ ಆ 12 ತಾಸಿನಲ್ಲಿ ನಿದ್ದೆಗೆ ಉಳಿಯುವುದು ಐದಾರು ತಾಸು ಮಾತ್ರ. ನಡುರಾತ್ರಿ ಕಳೆದ ಮೇಲೆ 20 ನಿಮಿಷ ಮಲಗಲು ಬಿಡಿ. ಎದ್ದ ಕೂಡಲೇ ಮಂಪರು ಇರುತ್ತದೆ, 15 ನಿಮಿಷ ಇಂಜೆಕ್ಷನ್ ಡೋಸ್ ಲೆಕ್ಕ ಮಾಡಿಸಬೇಡಿ. ಚಹಾ ಪಾಳಿಯ ಮೊದಲರ್ಧಕ್ಕೆ ಸಾಕು, ಬೆಳಗಿನ ಜಾವದ ಚಹಾ ಮನೆಯಲ್ಲಿ ನಿದ್ದೆ ಕೆಡಿಸುತ್ತದೆ.

ದಣಿವಿಗಿಂತ ಆಳಕ್ಕೆ ಇಳಿಯುವುದು ಇನ್ನೊಂದಿದೆ. ಆಕ್ಸಿಜನ್ ಕಡಿಮೆ ಬಿದ್ದಾಗ ಯಾರಿಗೆ ಕೊಡುವುದು, ಇರುವ ಒಂದೇ ವೆಂಟಿಲೇಟರ್ ಯಾರಿಗೆ ಹಚ್ಚುವುದು ಎಂಬ ನಿರ್ಧಾರ ರಾತ್ರಿ ಡ್ಯೂಟಿಯ ನರ್ಸ್ ಅಥವಾ ಹೌಸ್ ಸರ್ಜನ್ ತಲೆಗೆ ಬಂದರೆ ಆ ಪ್ರಶ್ನೆ ವರ್ಷಗಟ್ಟಲೆ ಬಿಡುವುದಿಲ್ಲ. ಮೂವರು ಹಿರಿಯ ವೈದ್ಯರ ಸಮಿತಿ ನಿಯಮವನ್ನು ಮೊದಲೇ ಬರೆದಿಡಲಿ, ನಿರ್ಧಾರವನ್ನು ಅವರೇ ಕೇಸ್ ಶೀಟಿನಲ್ಲಿ ಸಹಿ ಹಾಕಿ ದಾಖಲಿಸಲಿ. ಸಾವಿನ ಸುದ್ದಿ ಹೇಳುವ ಕೆಲಸವೂ ಹಾಗೆಯೇ. ಒಬ್ಬರದೇ ಪಾಲಿಗೆ ದಿನಾ ಬರದಂತೆ ಸರದಿ ಹಾಕಿ.

ಒಂದು ಎಚ್ಚರ. ಸಾವು ಕಂಡ ಸಿಬ್ಬಂದಿಯನ್ನೆಲ್ಲ ಗುಂಪಾಗಿ ಕೂಡಿಸಿ, ನಡೆದದ್ದನ್ನು ಕಡ್ಡಾಯವಾಗಿ ಹೇಳಿಸುವ ಪದ್ಧತಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅದು ಕೆಲವರಲ್ಲಿ ಗಾಯವನ್ನು ಮತ್ತೆ ಕೆದಕುತ್ತದೆ. ಅದರ ಬದಲು ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರರನ್ನು ಗೊತ್ತುಮಾಡಿ. ಪಾಳಿ ಮುಗಿದಾಗ ಊಟ ಆಯಿತೇ, ನಿದ್ದೆ ಬರುತ್ತಿದೆಯೇ, ಮನೆಯಲ್ಲಿ ಎಲ್ಲರೂ ಸರಿ ಇದ್ದಾರೆಯೇ ಎಂದು ಅವರು ಕೇಳಲಿ. ಹೇಳಬೇಕೆನಿಸಿದವರು ಹೇಳುತ್ತಾರೆ, ಉಳಿದವರನ್ನು ಕೆಣಕಬಾರದು.

ಇನ್ನು ನಿಮ್ಮ ಇಬ್ಬರು ನರ್ಸ್‌ಗಳ ವಿಷಯ. ಕೆಟ್ಟ ಕನಸು, ಬೆಚ್ಚುವುದು, ಆ ವಾರ್ಡಿನ ಕಡೆ ಹೋಗಲು ಹಿಂಜರಿಕೆ ಒಂದು ತಿಂಗಳು ಮೀರಿ ಉಳಿದರೆ ತಾನಾಗಿ ಹೋದೀತೆಂದು ಕಾಯುವುದರಲ್ಲಿ ಅರ್ಥವಿಲ್ಲ. ಇದು ಆಘಾತದ ನಂತರದ ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ತರಬೇತಿ ಪಡೆದವರು ಮಾಡುವ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 12 ಭೇಟಿ ಬೇಡುತ್ತದೆ. ಜೊತೆಗೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸಿ: ಹಿಂದಿನ ಎರಡು ವಾರಗಳ ಕುರಿತು 9 ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆಯನ್ನು ಕೇಳುವ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನು ಬಂದರೂ ಅಂದೇ ಕರೆದೊಯ್ಯಿರಿ, ಒಂಟಿಯಾಗಿ ಮನೆಗೆ ಕಳಿಸಬೇಡಿ. ವಾರ್ಡಿನ ಸ್ಟಾಕಿನಿಂದ ನಿದ್ದೆಗೆಂದು ಅಲ್ಪ್ರಜೋಲಂ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಲಿ. ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗುತ್ತದೆ, ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು.

ಸುದ್ದಿಯಾಗುವ ಅಂಜಿಕೆ ಸುಳ್ಳಲ್ಲ. ಸ್ವಂತ ಆಸ್ಪತ್ರೆಯ ಓಪಿಡಿಯಲ್ಲಿ ಸಹೋದ್ಯೋಗಿಗಳ ಮುಂದೆಯೇ ಚೀಟಿ ಮಾಡಿಸಬೇಕಾಗುತ್ತದೆ. ಗದಗದವರು ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಬರಬಹುದು, ಆ ದಿನ ಕಾರಣ ಕೆದಕದೆ ರಜೆ ಕೊಡುವುದು ನಿಮ್ಮ ಕೈಯಲ್ಲಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯವರು ಹಗಲು ರಾತ್ರಿ ಕನ್ನಡದಲ್ಲೇ, ಉಚಿತವಾಗಿ ಮಾತನಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಇದನ್ನು ಅವರಿಬ್ಬರಿಗೂ ಬಾಯಿಬಿಟ್ಟು ಹೇಳಿ.

ನಿಮ್ಮ ಪತ್ರದಲ್ಲಿ ಬಾರದ ಕೆಲವರಿದ್ದಾರೆ: ಡಿ ಗ್ರೂಪ್ ನೌಕರರು, ಆಂಬುಲೆನ್ಸ್ ಚಾಲಕರು, ಆಶಾ ಕಾರ್ಯಕರ್ತೆಯರು. ಶವ ಕಟ್ಟಿದವರು ಅವರು, ಮನೆ ಮನೆಗೆ ಹೋಗಿ ಬೈಗುಳ ತಿಂದವರು ಅವರು. ಬದಲಿ, ರಜೆ, ಜೊತೆಗಾರರ ಪಟ್ಟಿಯಲ್ಲಿ ಅವರ ಹೆಸರೂ ಬರಲಿ, ಗುತ್ತಿಗೆಯವರಾದರೂ ಸರಿ. ಅವರ ಮೇಲೆ ಕೈ ಮಾಡಿದರೆ ಪೊಲೀಸ್ ದೂರನ್ನು ಆಸ್ಪತ್ರೆಯೇ ಕೊಡಬೇಕು ಎಂಬ ಸಾಲನ್ನೂ ಯೋಜನೆಗೆ ಸೇರಿಸಿ. ಸಾಂಕ್ರಾಮಿಕದ ಹೊತ್ತಿನಲ್ಲಿ ಅಂಥ ಹಲ್ಲೆಗೆ 2020ರ ಸಾಂಕ್ರಾಮಿಕ ರೋಗಗಳ (ತಿದ್ದುಪಡಿ) ಕಾಯ್ದೆಯಡಿ 3 ತಿಂಗಳಿಂದ 5 ವರ್ಷದವರೆಗೆ ಜೈಲು ಇದೆ, ಜಾಮೀನು ಸುಲಭವಿಲ್ಲ.