1974ರ ಬಿಯಾಂಕಿ ರೇಸ್ ಸೈಕಲ್: ಬಿಡಿಭಾಗಗಳು ಮೂಲದವೇ ಎಂದು ತಿಳಿಯುವುದು ಹೇಗೆ?

ಮಿಲಾನ್‌ನಲ್ಲಿ ಕೊಂಡ ಬಿಯಾಂಕಿ 1974ರದು, ‘ಎಲ್ಲವೂ ಕಂಪಾನ್ಯೋಲೊ, ಎಲ್ಲವೂ ಮೂಲದ್ದು’ ಎಂದು ಮಾರಿದವರು ಹೇಳಿದ್ದಾರೆ, ನಂಬಬಹುದೇ ಎಂದು ಕೇಳಿದ್ದೀರಿ. ಆ ಮಾತಿನ ಮೊದಲ ಅರ್ಧವೇ ನನಗೆ ಅನುಮಾನ ಹುಟ್ಟಿಸುತ್ತದೆ. ಇಟಲಿಯ ಬಿಡಿಭಾಗಗಳ ಕಂಪನಿಯಾದ ಕಂಪಾನ್ಯೋಲೊ ಆಗ ಹ್ಯಾಂಡಲ್, ಚೈನು, ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಇವುಗಳನ್ನು ಮಾಡುತ್ತಲೇ ಇರಲಿಲ್ಲ. ಹ್ಯಾಂಡಲ್ ಚಿನೆಲ್ಲಿಯದೋ ತ್ರೆ ತಿ ಕಂಪನಿಯದೋ ಆಗಿದ್ದು, ಚೈನು, ಫ್ರೀವೀಲ್ ರೆಜೀನಾದವಾಗಿದ್ದರೆ ಅದು ಒಳ್ಳೆಯ ಲಕ್ಷಣ. ಬ್ರೇಕ್ ಯೂನಿವರ್ಸಲ್‌ನದಾಗಿದ್ದರೂ ಗಾಬರಿಯಾಗಬೇಡಿ. ಆ ವರ್ಷಗಳಲ್ಲಿ ಎಷ್ಟೋ ಸೈಕಲ್‌ಗಳು ಹಾಗೆಯೇ ಮಾರಾಟವಾದವು.

ಮೊದಲು ಹಿಂದಿನ ಡಿರೇಲರ್, ಅಂದರೆ ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ, ನೋಡಿ. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಮೇಲ್ಭಾಗದ ಜಿಡ್ಡು ಒರೆಸಿದರೆ ‘ಪೇಟೆಂಟ್’ ಎಂಬ ಇಂಗ್ಲಿಷ್ ಅಕ್ಷರಗಳೂ ಅದರ ಮುಂದೆ ಎರಡು ಅಂಕಿಗಳೂ ಕಾಣುತ್ತವೆ. ಕಂಪಾನ್ಯೋಲೊದ ನ್ಯೂವೊ ರೆಕಾರ್ಡ್ ಮಾದರಿಯ ಡಿರೇಲರ್‌ನಲ್ಲಿ ಅದು ವರ್ಷದ ಗುರುತು. 73 ಅಥವಾ 74 ಇದ್ದರೆ ಸರಿ, ಏಕೆಂದರೆ ಹಿಂದಿನ ವರ್ಷದ ದಾಸ್ತಾನು ಬಳಸುವುದು ಮಾಮೂಲು. 78 ಇದ್ದರೆ ಯಾರೋ ಆಮೇಲೆ ಹಾಕಿದ್ದಾರೆ. ಬಲಗಡೆಯ ಕ್ರ್ಯಾಂಕ್‌ನ (ಪೆಡಲ್ ಕೂರುವ ತೋಳಿನ) ಒಳಮೈಯಲ್ಲಿಯೂ ಗುರುತಿರುತ್ತದೆ: ಎಪ್ಪತ್ತರ ದಶಕದ್ದಕ್ಕೆ ವಜ್ರಾಕೃತಿಯೊಳಗೆ ಒಂದು ಅಂಕಿ, ಎಂಬತ್ತರ ದಶಕದ್ದಕ್ಕೆ ವೃತ್ತದೊಳಗೆ. ಚಕ್ರದ ನಡುವಿನ ಹಬ್‌ನ ಅಚ್ಚಿನ ಲಾಕ್‌ನಟ್ ಮೇಲೂ ವರ್ಷವಿರುತ್ತದೆ, ಆದರೆ ನಟ್ ಬದಲಿಸುವುದು ಸುಲಭವಾದ್ದರಿಂದ ಅದೊಂದನ್ನೇ ನೆಚ್ಚಬೇಡಿ. ಇವೆಲ್ಲ ಪರಸ್ಪರ ತಾಳೆಯಾಗುತ್ತವೆಯೇ ಎಂಬುದೇ ನಿಜವಾದ ಪರೀಕ್ಷೆ.

ಹ್ಯಾಂಡಲನ್ನು ಹಿಡಿದಿಡುವ ಚಿನೆಲ್ಲಿ ಸ್ಟೆಮ್‌ನ ಲಾಂಛನ ನೋಡಲು ಒಂದು ಕ್ಷಣ ಸಾಕು. ರೆಕ್ಕೆಯಂಥ ‘ಸಿ’ ಅಕ್ಷರದ ಲಾಂಛನ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಹಳೆಯದರಲ್ಲಿ ಗುರಾಣಿಯಾಕಾರದ ಮುದ್ರೆ ಇರುತ್ತದೆ.

ಫ್ರೇಮ್ ಮೇಲಿನ ಸ್ಟಿಕ್ಕರ್‌ಗಳನ್ನು ಸಾಕ್ಷಿ ಎಂದು ಎಣಿಸಬೇಡಿ, ಹೊಸದಾಗಿ ಅಚ್ಚು ಹಾಕಿದವು ಎಲ್ಲೆಡೆ ಸಿಗುತ್ತವೆ. ಅಳತೆ ತೆಗೆದುಕೊಳ್ಳಿ. ಕ್ರ್ಯಾಂಕ್‌ಗಳ ಅಚ್ಚು ಕೂರುವ ಕೊಳವೆ 70 ಮಿ.ಮೀ. ಅಗಲವಿದ್ದು, ಎರಡೂ ಬದಿಯ ಥ್ರೆಡ್ ಬಲಕ್ಕೆ ತಿರುಗಿಸಿದರೆ ಬಿಗಿಯಾಗುವಂತಿದ್ದರೆ ಅದು ಇಟಾಲಿಯನ್ ಪದ್ಧತಿ. ಐದು ಹಲ್ಲುಚಕ್ರದ ಫ್ರೀವೀಲ್‌ಗೆ ಹಿಂದಿನ ಫೋರ್ಕ್ ನಡುವೆ 120 ಮಿ.ಮೀ. ಇರಬೇಕು, 126 ಬಂದರೆ ಆರು ಚಕ್ರಕ್ಕಾಗಿ ಅಗಲಿಸಿರುವ ಸಾಧ್ಯತೆ ಹೆಚ್ಚು.

ಟೈರು, ಕೇಬಲ್, ಬ್ರೇಕ್ ರಬ್ಬರ್, ಚೈನು ಸವೆಯುವ ವಸ್ತುಗಳು. ಅವು ಬದಲಾಗಿದ್ದರೆ ಸೈಕಲ್ ಓಡಿದೆ ಎಂದಷ್ಟೇ ಅರ್ಥ, ಬೆಲೆಯಲ್ಲಿ ಚೌಕಾಸಿಗೆ ಅದು ಕಾರಣವಲ್ಲ. ಬಣ್ಣ ಮಾಸಿದ್ದರೂ ದಯವಿಟ್ಟು ಹೊಸ ಬಣ್ಣ ಹೊಡೆಸಬೇಡಿ. ಆ ತಿಳಿ ಹಸಿರು-ನೀಲಿ ಚೆಲೆಸ್ತೆ ಬಣ್ಣದ ಮೂಲ ಪದರ ಒಮ್ಮೆ ಹೋದರೆ ಮತ್ತೆ ತರಲಾಗುವುದಿಲ್ಲ.

ಸವಾರಿಗೆ ಮುಂಚೆ ಕ್ರ್ಯಾಂಕ್ ಬಿಚ್ಚಿ, ತೋಳು ಮತ್ತು ಹಲ್ಲುಚಕ್ರ ಹಿಡಿದಿಡುವ ಐದು ಕಾಲುಗಳು ಕೂಡುವ ಜಾಗವನ್ನೂ ಪೆಡಲ್ ತೂತಿನ ಸುತ್ತಲನ್ನೂ ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೂ ಅದು ಬಿರುಕೇ ಇರಬಹುದು. ಅಂಥದನ್ನು, ಮೂಲದ್ದೇ ಆಗಿದ್ದರೂ, ಕಪಾಟಿನಲ್ಲಿಟ್ಟು ಅದೇ ಕಾಲದ ಬೇರೊಂದನ್ನು ಹುಡುಕಿ ಹಾಕಿಸಿಕೊಳ್ಳಿ.